ಕಣ್ಣಲ್ಲಿ ಕಣ್ಣಿಟ್ಟು

ನನ್ನ ಕೆಲಸ ದೊಡ್ಡವರಿಗೆ ಕುರ್ಚಿಯಲ್ಲಿ ಕೂರುವುದನ್ನು ಕಲಿಸುವುದು. ನಗುವವರು ನಗಲಿ. ಉದ್ಯೋಗ ತರಬೇತಿ ಕೇಂದ್ರದ ಎರಡನೇ ಮಹಡಿಯಲ್ಲಿ, ಎಷ್ಟು ತಳ್ಳಿದರೂ ಪೂರ್ತಿ ಮುಚ್ಚದ ಕಿಟಕಿಯಿರುವ ಕೋಣೆಯಲ್ಲಿ, ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಸಂದರ್ಶನಕ್ಕೆ ಹೋದಾಗ ಕದ ತಟ್ಟುವುದು ಹೇಗೆ, ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕು, "ನಿಮ್ಮ ಬಗ್ಗೆ ಹೇಳಿ" ಅಂದ ಕೂಡಲೇ ಮನೆಯ ಗೋಳನ್ನೆಲ್ಲ ತೋಡಿಕೊಳ್ಳದೆ ನಾಲ್ಕು ಮಾತಿನಲ್ಲಿ ಮುಗಿಸುವುದು ಹೇಗೆ, ಇಂಥವು. ನನ್ನ ಮೇಜಿನ ಹಿಂದಿನ ಗೋಡೆಗೆ 'ಉದ್ಯೋಗದಾತರು ಮೆಚ್ಚುವ ಏಳು ಕೌಶಲಗಳು' ಎಂಬ ಹಾಳೆ ಅಂಟಿಸಿದೆ. ಅದರಲ್ಲಿ ಮೂರನೆಯದು, ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು. ಏಳರಲ್ಲಿ ಅದೊಂದನ್ನು ನಾನು ಯಾರಿಗೂ ಮಾಫಿ ಮಾಡಿದವಳಲ್ಲ. ಕಣ್ಣು ತಪ್ಪಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಊರಿನ ಬಟ್ಟೆ ಮಿಲ್ಲು ಮುಚ್ಚಿದ ಎಂಟು ತಿಂಗಳಿಗೆ, ಅಲ್ಲಿ ಮಗ್ಗ ನಡೆಸುತ್ತಿದ್ದ ಹೆಂಗಸರದೇ ಒಂದು ಬ್ಯಾಚು ನನ್ನ ಕೋಣೆಗೆ ಬಂತು. ಮೊದಲ ದಿನ ನಾನು ಮಾತು ಶುರು ಮಾಡಿದರೆ ಇಪ್ಪತ್ತಾರು ಜನರೂ ನನ್ನ ಬಾಯಿಯನ್ನೇ ದಿಟ್ಟಿಸುತ್ತಿದ್ದಾರೆ. ಹಲ್ಲಿಗೆ ಏನೋ ಸಿಕ್ಕಿಕೊಂಡಿರಬೇಕು ಅಂದುಕೊಂಡು, ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ಕನ್ನಡಿ ನೋಡಿಕೊಂಡು ಬಂದೆ. ಹಲ್ಲು ಸರಿಯಾಗೇ ಇತ್ತು. ವಾಪಸು ಬಂದಾಗ ಮೂರನೇ ಸಾಲಿನಲ್ಲಿ ಕೂತಿದ್ದವಳೊಬ್ಬಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಅವಳು ನನ್ನ ಅಕ್ಕ.

"ಮೇಡಂ, ನಾವೆಲ್ಲ ಹಿಂಗೇ ನೋಡೋದು, ತಪ್ಪು ತಿಳ್ಕೋಬೇಡಿ," ಅಂದಳು. ಮನೆಯಲ್ಲಿ ನನ್ನನ್ನು 'ಪುಟ್ಟಿ' ಅನ್ನುವವಳು ಅಲ್ಲಿ 'ಮೇಡಂ' ಅನ್ನುವಾಗ ಅವಳಿಗೆ ಎಲ್ಲಿಲ್ಲದ ಖುಷಿ.

ನನಗೆ ಗೊತ್ತಿರಬೇಕಾಗಿತ್ತು. ಆ ಮಿಲ್ಲಿನಲ್ಲಿ ನಾನೂರು ಮಗ್ಗ ಒಟ್ಟಿಗೆ ಓಡುತ್ತಿದ್ದವು. ಪಕ್ಕದಲ್ಲಿ ನಿಂತು ಕಿರುಚಿದರೂ ಮಾತು ತಲುಪುತ್ತಿರಲಿಲ್ಲ. ಹಾಗಾಗಿ ಅಲ್ಲಿನವರು ದನಿಯನ್ನೇ ಬಿಟ್ಟು, ತುಟಿ ಅಗಲಿಸಿ, ಒಂದೊಂದು ಅಕ್ಷರವನ್ನೂ ಬಾಯಲ್ಲಿ ಬಿಡಿಸಿ ತೋರಿಸುತ್ತಾ ಮಾತಾಡುತ್ತಿದ್ದರು. ಈ ತುದಿಯ ಮಗ್ಗದವಳು ಆ ತುದಿಯವಳಿಗೆ ಅತ್ತೆಯ ದೂರು ಹೇಳಿ, ಅವಳು ಬಿದ್ದು ಬಿದ್ದು ನಕ್ಕು, ನಡುವೆ ನಿಂತಿದ್ದ ಮೇಸ್ತ್ರಿಗೆ ಏನೆಂದರೆ ಏನೂ ತಿಳಿಯುತ್ತಿರಲಿಲ್ಲವಂತೆ. ನೂಲು ಕಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕುತ್ತಿದ್ದ ಅಕ್ಕನಿಗೆ ಅಲ್ಲಿ 'ಜೇಡ' ಅಂತ ಅಡ್ಡಹೆಸರು. ಇಪ್ಪತ್ತೊಂದನೇ ವಯಸ್ಸಿಗೆ ಆ ಮಿಲ್ಲಿನ ಬಾಗಿಲು ಹೊಕ್ಕವಳು ಇಪ್ಪತ್ತೆಂಟು ವರ್ಷ ಅಲ್ಲೇ ಕಳೆದಳು. ನಾನು ಓದಿದ್ದು ಅವಳ ಮಗ್ಗದ ದುಡಿಮೆಯ ಮೇಲೆ.

ಆ ದನಿಯಿಲ್ಲದ ಮಾತು ನನಗೂ ಬರುತ್ತಿತ್ತು. ಅಪ್ಪ ಕಾವಲುಗಾರ, ಹಗಲೆಲ್ಲ ಮಲಗುತ್ತಿದ್ದರು. ಒಂದೇ ಕೋಣೆಯ ಮನೆ. ಎಂಟು ವರ್ಷದ ನನ್ನನ್ನು ಸುಮ್ಮನಿರಿಸಲು ಅಕ್ಕ ತುಟಿಯಲ್ಲೇ ಕತೆ ಹೇಳುತ್ತಿದ್ದಳು, ನಾನು ತುಟಿಯಲ್ಲೇ ಪ್ರಶ್ನೆ ಕೇಳುತ್ತಿದ್ದೆ. ನಮ್ಮಿಬ್ಬರಿಗೂ ನಗು ತಡೆಯುವುದೇ ಕಷ್ಟ. ಕಾಲೇಜಿಗೆ ಹೋದ ಮೇಲೆ ಅದೆಲ್ಲ ಬಿಟ್ಟೆ. ಬಿಟ್ಟೆ ಅನ್ನುವುದಕ್ಕಿಂತ, ನಾಚಿಕೆಯಾಗಿ ಕೈ ತೊಳೆದುಕೊಂಡೆ ಅನ್ನುವುದು ಸರಿ. ಒಂದು ದಿನ ಅಕ್ಕ ಕಾಲೇಜಿನ ಗೇಟಿನ ಬಳಿ ನಿಂತು, ರಸ್ತೆಯ ಆಚೆಯಿಂದಲೇ ಬಾಯಿ ಅಗಲಿಸಿ "ಊಟ ಆಯ್ತಾ?" ಅಂದಳು. ನನ್ನ ಜೊತೆಯವರು ಕಿಸಕ್ಕನೆ ನಕ್ಕರು. ಮನೆಗೆ ಬಂದು ಅವಳ ಮೇಲೆ ಹಾರಾಡಿದೆ. "ಬಾಯಿ ಹಂಗೆ ಮಾಡ್ಬೇಡ, ಮಂಗನ ಥರ ಕಾಣ್ತೀಯ" ಅಂದೆ. ಅಕ್ಕ ಮುಂದೆಂದೂ ನನ್ನೊಡನೆ ಹಾಗೆ ಮಾತಾಡಲಿಲ್ಲ.

ಮಿಲ್ಲು ಮುಚ್ಚಿದ ಮೇಲೆ ಅವಳು ನಮ್ಮ ಮನೆಯಲ್ಲೇ ಇದ್ದಳು. ಇದ್ದಳು ಅಂದರೆ, ಇರುವುದು ಯಾರಿಗೂ ಗೊತ್ತಾಗದ ಹಾಗೆ ಇದ್ದಳು. ಬೆಳಗ್ಗೆ ನಾವು ಏಳುವ ಮೊದಲೇ ತನ್ನ ಹಾಸಿಗೆ ಸುತ್ತಿಟ್ಟು, ಆ ಮೂಲೆಯಲ್ಲಿ ಯಾರೂ ಮಲಗಿಯೇ ಇರಲಿಲ್ಲವೇನೋ ಅನ್ನುವಂತೆ ಮಾಡಿಬಿಡುತ್ತಿದ್ದಳು. ಟೀವಿ ನೋಡಿದರೂ ಶಬ್ದವೇ ಇಲ್ಲದಂತೆ ಮಾಡಿ ನೋಡುತ್ತಿದ್ದಳು. "ನಿಮ್ಮಕ್ಕಂಗೆ ಎಷ್ಟು ಸಂಕೋಚ ನೋಡು," ಅಂತ ನನ್ನ ಯಜಮಾನರು ಒಮ್ಮೆ ಅಂದಾಗ, ಹೌದೆಂದು ತಲೆಯಾಡಿಸಿದ್ದೆ. ಹಿಂದಿನಿಂದ ಕರೆದರೆ ಮಾತ್ರ ಅವಳು ತಿರುಗುತ್ತಲೇ ಇರಲಿಲ್ಲ. ಅಕ್ಕನಿಗೆ ಮೊದಲಿನಿಂದಲೂ ಬಿಗುಮಾನ ಜಾಸ್ತಿ, ಈಗ ಬೇಜಾರು ಬೇರೆ ಸೇರಿಕೊಂಡಿದೆ ಅಂತ ನಾನೇ ಒಂದು ಅರ್ಥ ಹಚ್ಚಿಕೊಂಡಿದ್ದೆ.

ಒಂದು ಸಂಜೆ ಸೊಪ್ಪು ಬಿಡಿಸುತ್ತಾ ಅವಳೇ ಹೇಳಿದಳು. "ಕೈ ಸುಮ್ನಿದ್ರೆ ನಿದ್ದೆ ಬರಲ್ಲ ಪುಟ್ಟಿ. ಯಾವ್ದಾದ್ರೂ ಒಂದು ಕೆಲ್ಸ. ಬೆಳಗ್ಗೆ ಹೊರಡೋಕೆ ಒಂದು ಜಾಗ ಇರ್ಬೇಕು ಅಷ್ಟೇ."

ಅದೇ ವಾರ ನಮ್ಮ ಕೇಂದ್ರಕ್ಕೆ ದೊಡ್ಡ ಆಸ್ಪತ್ರೆಯಿಂದ ಪತ್ರ ಬಂತು. ಬಟ್ಟೆ ಕೋಣೆಗೆ ಒಬ್ಬರು ಬೇಕು. ಒಗೆದು ಬಂದ ಹಾಸಿಗೆ ಬಟ್ಟೆಗಳನ್ನು ವಿಂಗಡಿಸಿ, ಹರಿದದ್ದನ್ನು ಹುಡುಕಿ ಹೊಲಿದು, ವಾರ್ಡುಗಳಿಗೆ ಕಳಿಸುವ ಕೆಲಸ. ಐವತ್ತು ತುಂಬಿದವರನ್ನು ತೆಗೆದುಕೊಳ್ಳುವುದಿಲ್ಲ. ಅಕ್ಕನಿಗೆ ಐವತ್ತು ತುಂಬಲು ಎರಡು ತಿಂಗಳಿತ್ತು. ಈ ಕೆಲಸ ತಪ್ಪಿದರೆ ಅವಳ ವಯಸ್ಸಿಗೆ ಇನ್ನೊಂದು ಕದ ತೆರೆಯುವುದಿಲ್ಲ ಎಂಬುದು ನನ್ನಷ್ಟು ಚೆನ್ನಾಗಿ ಇನ್ನಾರಿಗೆ ಗೊತ್ತು? ಕೆಲಸವಂತೂ ಅವಳಿಗೆಂದೇ ಅಳತೆ ಕೊಟ್ಟು ಹೊಲಿಸಿದಂತಿತ್ತು. ಕಣ್ಣು ಮುಚ್ಚಿ ಬಟ್ಟೆಯ ಮೇಲೆ ಅಂಗೈ ಆಡಿಸಿ, "ಇಲ್ಲೊಂದು ಎಳೆ ಹೋಗಿದೆ" ಅನ್ನುವವಳು ಅವಳು. ಬಾಕಿ ಉಳಿದದ್ದು ಸಂದರ್ಶನ ಒಂದೇ. ಅದು ನನ್ನ ಕೈಲಿದೆ ಅಂದುಕೊಂಡೆ.

ಅರ್ಜಿಯನ್ನು ನಾನೇ ತುಂಬಿದೆ. ಅವಳ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ. ಹೆಸರು, ವಯಸ್ಸು, ಅನುಭವ. 'ದೃಷ್ಟಿ, ಶ್ರವಣ ಅಥವಾ ಬೇರೆ ದೈಹಿಕ ತೊಂದರೆ ಇದೆಯೇ' ಎಂಬಲ್ಲಿ ಅವಳನ್ನು ಕೇಳದೆಯೇ 'ಇಲ್ಲ' ಅಂತ ಬರೆದು, ಕೆಳಗೆ ಅವಳ ಸಹಿ ಹಾಕಿಸಿದೆ.

ಆಮೇಲೆ ಹತ್ತು ದಿನ ಮನೆಯಲ್ಲೇ ತಾಲೀಮು. ಊಟದ ಮೇಜಿನ ಈಚೆ ನಾನು, ಆಚೆ ಅವಳು. ನನ್ನ ಕೈಲಿ ಪೆನ್ಸಿಲ್ಲು. ಅವಳ ದೃಷ್ಟಿ ನನ್ನ ಕಣ್ಣಿನಿಂದ ಜಾರಿ ತುಟಿಗೆ ಇಳಿದಾಗಲೆಲ್ಲ ಪೆನ್ಸಿಲ್ಲಿನಿಂದ ಮೇಜು ಕುಟ್ಟುತ್ತಿದ್ದೆ.

"ಕಣ್ಣು ನೋಡು ಅಕ್ಕ, ಕಣ್ಣು!"

"ನೋಡ್ತಾ ಇದ್ದೀನಲ್ಲೇ."

"ಎಲ್ಲಿ ನೋಡ್ತಿದ್ದೀಯ? ಮತ್ತೆ ಬಾಯಿಗೇ ಬಂದೆ."

"ಬಾಯಿ ನೋಡಿದ್ರೆ ಏನಾಗತ್ತೆ?"

"ಕಳ್ಳರ ಥರ ಕಾಣತ್ತೆ. ಏನೋ ಮುಚ್ಚಿಡ್ತಿದ್ದೀಯ ಅಂದ್ಕೋತಾರೆ."

ಅವಳ ಮುಖ ಯಾಕೆ ಹಾಗೆ ಸಪ್ಪಗಾಯಿತು ಅಂತ ನಾನು ಕೇಳಲಿಲ್ಲ. ಕೈ ಆಡಿಸಬೇಡ ಅಂದೆ, ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು. ಅತ್ತಿತ್ತ ನೋಡಬೇಡ, ಛಾವಣಿ ಕುಸಿದರೂ ಕೇಳುವವರ ಕಣ್ಣು ಬಿಟ್ಟು ಕದಲಬೇಡ ಅಂದೆ. ಅದಕ್ಕೂ ತಲೆಯಾಡಿಸಿದಳು. ನಾಲ್ಕನೇ ದಿನದ ಹೊತ್ತಿಗೆ ಅವಳು ನಿಜಕ್ಕೂ ನನ್ನ ಕಣ್ಣನ್ನೇ ನೋಡಲು ಕಲಿತಿದ್ದಳು. ಆದರೆ ಅದನ್ನು ಮಾಡುವಾಗ ಅವಳ ಹಣೆಯಲ್ಲಿ ಬೆವರು ಮೂಡುತ್ತಿತ್ತು.

"ಕಣ್ಣು ಏನೂ ಹೇಳಲ್ಲ ಪುಟ್ಟಿ," ಅಂದಳು ಒಮ್ಮೆ.

"ವೇದಾಂತ ಆಮೇಲೆ. ಮೊದಲು ಮೂರನೇ ಪ್ರಶ್ನೆಗೆ ಉತ್ತರ ಹೇಳು," ಅಂತ ಗದರಿದೆ.

ಪ್ರಶ್ನೆಗಳು ಐದು. ನಿಮ್ಮ ಬಗ್ಗೆ ಹೇಳಿ. ಹಳೆಯ ಕೆಲಸ ಯಾಕೆ ಬಿಟ್ಟಿರಿ. ನಿಮ್ಮಲ್ಲಿರುವ ಒಳ್ಳೆಯ ಗುಣ. ನಿಮ್ಮ ಕುಂದು. ಕೊನೆಗೆ, ನಮ್ಮನ್ನೇನಾದರೂ ಕೇಳುವುದಿದೆಯೇ. ಹತ್ತು ದಿನವೂ ಹೀಗೆ, ಇದೇ ಸಾಲಿನಲ್ಲಿ ಕೇಳಿದೆ. ಉತ್ತರಗಳು ಅವಳಿಗೆ ನೀರು ಕುಡಿದಷ್ಟು ಸಲೀಸಾದವು.

"ಇದೇ ಕ್ರಮದಲ್ಲೇ ಕೇಳ್ತಾರಾ?" ಕೊನೆಯ ದಿನ ಅವಳು ಕೇಳಿದಳು. ಆಮೇಲೆ ಇನ್ನೊಮ್ಮೆ ಕೇಳಿದಳು.

ನನಗೆ ತಲೆ ಸಿಡಿಯುತ್ತಿತ್ತು. "ಹೂಂ, ಎಲ್ಲಾ ಕಡೆ ಇದೇ ಕೇಳೋದು, ಹಿಂಗೇ ಕೇಳೋದು. ನೀನು ಕಣ್ಣೊಂದು ಬಿಡ್ಬೇಡ," ಅಂದುಬಿಟ್ಟೆ.

ಸಂದರ್ಶನ ಬೆಳಗ್ಗೆ ಹತ್ತಕ್ಕೆ. ಕೇಂದ್ರದ ಪರವಾಗಿ ನಾನೂ ಜೊತೆಗೆ ಹೋದೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಉದ್ದದ ಓಣಿ, ಬಲಗಡೆ ಸಿಬ್ಬಂದಿ ಅಧಿಕಾರಿಯ ಕೋಣೆ. ಕದದ ಮೇಲರ್ಧಕ್ಕೆ ಗಾಜು. ಓಣಿಯ ಆ ತುದಿಯಿಂದ ಒಗೆಯುವ ಯಂತ್ರಗಳ ಗಡಗಡ ಸದ್ದು ಒಂದೇ ಸಮನೆ ಬರುತ್ತಿತ್ತು. ಅಕ್ಕ ನೀಲಿ ಸೀರೆ ಉಟ್ಟಿದ್ದಳು, ಕೂದಲಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದಳು. ಕರೆಯಲು ಬಂದ ಜವಾನ ಅವಳ ಹೆಸರನ್ನು ಎರಡು ಸಲ ಕೂಗಿದ. ನಾನೇ ತೋಳು ಹಿಡಿದು ಎಬ್ಬಿಸಿದೆ. ಹೆದರಿಕೊಂಡಿದ್ದಾಳೆ ಅಂದುಕೊಂಡೆ.

ಅಕ್ಕ ಕದ ತಟ್ಟಿ ಒಳಗೆ ಹೋದಳು, ನಮಸ್ಕಾರ ಮಾಡಿದಳು, ಬೆನ್ನು ನೆಟ್ಟಗೆ ಇಟ್ಟು ಕೂತಳು. ಎಲ್ಲ ಹೇಳಿಕೊಟ್ಟ ಹಾಗೆಯೇ. ಗಾಜಿನೊಳಗಿಂದ ನನಗೆ ಅವಳ ಮುಖದ ಒಂದು ಮಗ್ಗುಲು ಕಾಣುತ್ತಿತ್ತು, ಅಧಿಕಾರಿಯ ಮುಖ ಪೂರ್ತಿ ಕಾಣುತ್ತಿತ್ತು. ಕನ್ನಡಕ ಹಾಕಿದ, ನನ್ನದೇ ವಯಸ್ಸಿನ ಹೆಂಗಸು. ಮುಖದಲ್ಲಿ ಕರುಣೆಯಿತ್ತು. ಆಕೆ ಬಾಯಿ ತೆರೆದಳು. ದನಿ ನನಗೆ ಕೇಳಲಿಲ್ಲ. ಆದರೆ ಎಷ್ಟೋ ವರ್ಷದ ಹಿಂದೆ ಬಿಟ್ಟ ವಿದ್ಯೆ ತನ್ನಷ್ಟಕ್ಕೇ ಎದ್ದು ಬಂತು. ಆಕೆಯ ತುಟಿಯನ್ನು ನಾನು ಓದಿದೆ.

"ಬಸ್ಸಲ್ಲಿ ಬಂದ್ರಾ? ಕುಡಿಯೋಕೆ ನೀರು ಬೇಕಾ?"

ಅಕ್ಕನ ದನಿ ಮಾತ್ರ ಗಾಜು ದಾಟಿ ಓಣಿಗೂ ಬಂತು. ಮಿಲ್ಲಿನವರ ದನಿ, ಅವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. "ನಾನು ಇಪ್ಪತ್ತೆಂಟು ವರ್ಷ ಬಟ್ಟೆ ಮಿಲ್ಲಲ್ಲಿ ಮಗ್ಗ ನಡೆಸಿದ್ದೇನೆ. ಒಟ್ಟಿಗೆ ನಾಲ್ಕು ಮಗ್ಗ ನೋಡ್ಕೋತಿದ್ದೆ."

ಅಧಿಕಾರಿ ನಕ್ಕು, ಕಾಗದ ತಿರುವಿದಳು. "ಭಾರದ ಮೂಟೆ ಎತ್ತೋಕಾಗತ್ತಾ ನಿಮಗೆ?"

"ಮಿಲ್ಲು ಮುಚ್ಚಿಹೋಯ್ತು. ಅದಕ್ಕೇ ಬಿಡಬೇಕಾಯ್ತು."

ಅಕ್ಕ ಆಕೆಯ ಕಣ್ಣನ್ನೇ ನೋಡುತ್ತಿದ್ದಳು. ರೆಪ್ಪೆ ಕೂಡ ಬಡಿಯುತ್ತಿರಲಿಲ್ಲ. ಎದುರಿನ ತುಟಿ ಅಲುಗುವುದು ನಿಂತಿತು ಅನ್ನುವುದಷ್ಟೇ ಕಣ್ಣಂಚಿನಲ್ಲಿ ತಿಳಿದು, ತನ್ನ ಸರದಿ ಬಂತೆಂದು ಮುಂದಿನ ಉತ್ತರ ಒಪ್ಪಿಸುತ್ತಿದ್ದಳು. ಶಬ್ದವಿಲ್ಲದ ಟೀವಿ, ಹಿಂದಿನಿಂದ ಕರೆದರೆ ತಿರುಗದ ಬೆನ್ನು, ಜವಾನ ಎರಡು ಸಲ ಕೂಗಿದ ಹೆಸರು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ನನ್ನಕ್ಕನಿಗೆ ಕಿವಿ ಕೇಳುವುದಿಲ್ಲ. ಇಷ್ಟು ದಿನ ಅವಳು ಕೇಳಿದ್ದೆಲ್ಲ ಕಣ್ಣಿನಿಂದ, ನಮ್ಮ ತುಟಿಗಳಿಂದ. ಹತ್ತು ದಿನ ಕೂತು ಪೆನ್ಸಿಲ್ಲು ಕುಟ್ಟಿ ಕುಟ್ಟಿ ಆ ಕಿವಿಯನ್ನೂ ಮುಚ್ಚಿಸಿದವಳು ನಾನು.

"ರಾತ್ರಿ ಪಾಳಿ ಬಂದ್ರೆ ಮನೇಲಿ ಒಪ್ತಾರಾ?"

"ತಾಳ್ಮೆ. ಎಷ್ಟು ಹೊತ್ತು ಬೇಕಾದ್ರೂ ನಿಂತು ಮಾಡ್ತೀನಿ."

ನಾನು ಗಾಜಿಗೆ ಮುಖ ಒತ್ತಿದೆ. ಬಾಯಿ ಅಗಲಿಸಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ತುಟಿ ನೋಡು ಅಕ್ಕ. ತುಟಿ ನೋಡು. ಕೈ ಬೀಸಿದೆ. ಅಕ್ಕ ಒಂದು ಸಲ ಈ ಕಡೆ ಕಣ್ಣು ಹೊರಳಿಸಿದ್ದರೆ ಸಾಕಿತ್ತು, ನಲವತ್ತು ಅಡಿ ದೂರದ ಮಾತನ್ನು ಹಿಡಿಯುತ್ತಿದ್ದವಳು ಮೂರು ಅಡಿಯ ನನ್ನ ಮಾತನ್ನು ಹಿಡಿಯದಿರುತ್ತಿದ್ದಳೇ? ಅವಳು ಹೊರಳಿಸಲಿಲ್ಲ. ಛಾವಣಿ ಕುಸಿದರೂ ಕದಲಬೇಡ ಅಂದವಳು ನಾನೇ ತಾನೆ. ನೋಡಿದ್ದು ಅಧಿಕಾರಿ. ಗಾಜಿನ ಹಿಂದೆ ಮಂಗನ ಹಾಗೆ ಮೂತಿ ಮಾಡುತ್ತಿದ್ದ ನನ್ನನ್ನು ಕಂಡು ಆಕೆಯ ಹುಬ್ಬು ಮೇಲೇರಿತು.

ಆಕೆ ಮೆಲ್ಲಗೆ ಮುಂದೆ ಬಾಗಿದಳು. "ಅಮ್ಮಾ, ನಾನು ಹೇಳೋದು ನಿಮಗೆ ಕೇಳಿಸ್ತಾ ಇದೆಯಾ?"

"ಸ್ವಲ್ಪ ಮುಂಗೋಪ," ಅಂದಳು ಅಕ್ಕ, ಕಲಿಸಿದ್ದ ನಸುನಗೆಯ ಸಮೇತ. "ಈಗ ತಿದ್ಕೊಂಡಿದ್ದೀನಿ."

ಐದನೆಯ ಉತ್ತರವನ್ನೂ ಒಪ್ಪಿಸಿ ಹೊರಗೆ ಬಂದ ಅಕ್ಕನ ಮುಖ ಅರಳಿತ್ತು. ಎಂಟು ತಿಂಗಳಿಂದ ಆ ಮುಖ ನಾನು ಕಂಡಿರಲಿಲ್ಲ. ಅವಳನ್ನು ಬೆಂಚಿನ ಮೇಲೆ ಕೂರಿಸಿ ನಾನು ಒಳಗೆ ನುಗ್ಗಿದೆ. ಕದ ತಟ್ಟುವುದನ್ನೂ ಮರೆತಿದ್ದೆ.

"ಮೇಡಂ, ಅವಳಿಗೆ ಕಿವಿ ಕೇಳಲ್ಲ. ನನಗೂ ಈಗಷ್ಟೇ ಗೊತ್ತಾಯ್ತು. ಬಾಯಿ ನೋಡಿ ಅರ್ಥ ಮಾಡ್ಕೋತಾಳೆ. ದಯವಿಟ್ಟು ಇನ್ನೊಂದ್ಸಲ ಕರೀರಿ, ನಾನು ಅವಳಿಗೆ ಹೇಳ್ತೀನಿ."

ಅಧಿಕಾರಿ ಅರ್ಜಿಯನ್ನು ನನ್ನ ಕಡೆ ತಿರುಗಿಸಿ, 'ಇಲ್ಲ' ಎಂಬ ಪದದ ಕೆಳಗೆ ಬೆರಳಿಟ್ಟಳು.

"ಇದು ಅವರ ಕೈಬರಹ ಅಲ್ಲ ಅನ್ಸತ್ತೆ."

"ನನ್ನದು."

"ಅಯ್ಯೋ, ಹೌದು ಅಂತ ಬರೆದಿದ್ರೆ ಆಗ್ತಿತ್ತಲ್ಲ," ಅಂದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚಿತು. "ನಾವು ಪ್ರಶ್ನೆ ಬರೆದು ತೋರಿಸ್ತಿದ್ವಿ. ಅಂಥವರಿಗೆ ಅಂತಾನೇ ಇಲ್ಲಿ ಜಾಗ ಇದೆ. ಬಟ್ಟೆ ಕೋಣೇಲಿ ಆ ಯಂತ್ರಗಳ ಗದ್ದಲಕ್ಕೆ ಯಾರಿಗೂ ಏನೂ ಕೇಳಲ್ಲ. ಬಾಯಿ ನೋಡಿ ಅರ್ಥ ಮಾಡ್ಕೊಳ್ಳೋರು ಸಿಕ್ಕಿದ್ರೆ ನನಗೆ ಒಳ್ಳೇದೇ ಆಗ್ತಿತ್ತು. ಈಗ ಸಹಿ ಹಾಕಿದ ಅರ್ಜಿಯಲ್ಲಿ ಸುಳ್ಳಿದೆ. ನಾನು ಹೆಂಗೆ ಮುಂದೆ ಕಳಿಸ್ಲಿ?"

"ತಪ್ಪು ನಂದು, ಅವಳದಲ್ಲ."

"ಸಹಿ ಅವರದು."

ನಾನು ಬೇಡಿಕೊಂಡೆ. ಮೇಜಿನ ಅಂಚು ಹಿಡಿದು ನಿಂತು, ಬಾಯಿಗೆ ಬಂದ ಹಾಗೆಲ್ಲ ಬೇಡಿಕೊಂಡೆ. ಆಕೆ ತಲೆ ಅಲ್ಲಾಡಿಸಿ, ನಿಯಮದಂತೆ ನಮ್ಮ ಕೇಂದ್ರಕ್ಕೆ ಕೊಡಬೇಕಾದ ಅಂಕಪಟ್ಟಿಯನ್ನು ನನ್ನ ಕೈಗಿತ್ತಳು. ಕೊನೆಯಲ್ಲಿ 'ಆಯ್ಕೆಯಾಗಿಲ್ಲ' ಎಂದಿತ್ತು. ನಡುವೆ ಒಂದೇ ಒಂದು ಸಾಲಿನಲ್ಲಿ ಹತ್ತಕ್ಕೆ ಹತ್ತು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದಕ್ಕೆ. ಅದನ್ನು ನಾಲ್ಕು ಮಡಿಕೆ ಮಾಡಿ ಚೀಲದ ತಳಕ್ಕೆ ತುರುಕಿದೆ.

ಬಸ್ ನಿಲ್ದಾಣಕ್ಕೆ ನಡೆದು ಬಂದೆವು. ಬೆಂಚಿನ ಮೇಲೆ ಕೂತ ಮೇಲೆ ನಾನು ನನ್ನ ಕಿವಿಯನ್ನು ಮುಟ್ಟಿ ತೋರಿಸಿ, ಹುಬ್ಬು ಏರಿಸಿದೆ. ಎಷ್ಟು ವರ್ಷದಿಂದ ಎಂಬಂತೆ. ಅಕ್ಕನ ನಗು ಅಲ್ಲೇ ನಿಂತಿತು.

"ಗೊತ್ತಾಗೋಯ್ತಾ?" ಅಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಹನ್ನೆರಡು ವರ್ಷ ಆಯ್ತೇನೋ. ಸ್ವಲ್ಪ ಸ್ವಲ್ಪನೇ ಹೋಯ್ತು. ಮಿಲ್ಲಲ್ಲಿ ಕಿವಿ ಹೋಯ್ತು ಅಂದ್ರೆ ಮಾರನೇ ದಿನ ಮನೆಗೆ ಕಳಿಸ್ತಿದ್ರು. ಪರೀಕ್ಷೆ ಮಾಡೋ ನರ್ಸಿನ ತುಟಿ ನೋಡಿ ಎಲ್ರೂ ಪಾಸಾಗ್ತಿದ್ವಿ. ನಿಂಗೆ ಹೇಳೋಣ ಅಂದ್ರೆ, ನೀನು ಮೇಡಂ, ನಿಂಗೆ ಅವಮಾನ ಅಂತ ಸುಮ್ನಾದೆ."

ಅವಮಾನ. ಆ ಮಾತು ಅವಳ ತಲೆಗೆ ಎಲ್ಲಿಂದ ಬಂತು ಅಂತ ನಾನು ಬೇರೆಲ್ಲೂ ಹುಡುಕಬೇಕಾಗಿರಲಿಲ್ಲ. ಕಾಲೇಜಿನ ಗೇಟಿನ ಹತ್ತಿರ ಹುಡುಕಿದರೆ ಸಿಗುತ್ತಿತ್ತು.

"ಆದ್ರೂ ಚೆನ್ನಾಗೇ ಹೇಳಿದೆ ಅಲ್ವಾ?" ಅಂದಳು, ಮತ್ತೆ ಹುರುಪು ತಂದುಕೊಂಡು. "ಆಯಮ್ಮ ಎಷ್ಟು ಒಳ್ಳೆಯೋಳು. ನೀನು ಹೇಳಿದ ಹಂಗೇ ಐದೂ ಕೇಳಿದ್ಲು, ಅದೇ ಕ್ರಮದಲ್ಲಿ. ಒಂದ್ಸಲಾನೂ ನಾನು ಕಣ್ಣು ಇಳಿಸ್ಲಿಲ್ಲ ಪುಟ್ಟಿ. ಕೆಲ್ಸ ಆಗತ್ತಲ್ವಾ?"

ಬಸ್ಸುಗಳು ಬಂದು ಹೋಗುತ್ತಿದ್ದವು. ನಿಲ್ದಾಣದ ತುಂಬ ಜನ. ಹದಿನೆಂಟು ವರ್ಷದ ಮೇಲೆ ಮೊದಲ ಸಲ ಮುಖಾಮುಖಿಯಾಗಿ, ಯಾರು ನೋಡಿದರೆ ನೋಡಲಿ ಅಂತ, ನಾನು ಅಕ್ಕನ ಕಡೆ ತಿರುಗಿ ಕೂತು ದನಿಯಿಲ್ಲದೆ ಮಾತಾಡಿದೆ. ತುಟಿ ಅಗಲಿಸಿ, ಅವಳೇ ಕಲಿಸಿದಂತೆ ಒಂದೊಂದು ಅಕ್ಷರವನ್ನೂ ಬಿಡಿಸಿದೆ. ಕೆಲಸ ಆಗಲಿಲ್ಲ ಅಕ್ಕ. ಹಾಳು ಮಾಡಿದ್ದು ನಾನು. ನನ್ನನ್ನು ಕ್ಷಮಿಸು.

ಹೇಳಿ ಮುಗಿಸಿ ಅವಳ ಮುಖ ನೋಡಿದೆ. ಅಕ್ಕ ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, ಕಲಿಸಿಕೊಟ್ಟ ನಸುನಗೆ ಇಟ್ಟುಕೊಂಡು ಕೂತಿದ್ದಳು. ನನ್ನ ಕಣ್ಣನ್ನೇ ನೋಡುತ್ತಿದ್ದಳು.

"ಏನಂದೆ?" ಅಂದಳು.